‘ಬೋಮ್ ಕ್ಲಾರಿನೆಟ್’ ಮಾಡಿದ್ದು ಬೋಮ್ ಅಲ್ಲ! ಹಾಗಾದರೆ ಆ ಹೆಸರು ಬಂದಿದ್ದು ಹೇಗೆ?

ಮದುವೆ ದಿಬ್ಬಣದ ಬ್ಯಾಂಡ್‌ನಲ್ಲಿ, ಮೈತುಂಬ ಬೆಳ್ಳಿ ಬಣ್ಣದ ಕೀಗಳಿರುವ ಕಪ್ಪು ಕೊಳವೆಯನ್ನು ಊದುವವರನ್ನು ನೀವು ನೋಡಿರಬಹುದು. ಅದೇ ಕ್ಲಾರಿನೆಟ್. ಇಂದು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಕ್ಲಾರಿನೆಟ್ ವಿನ್ಯಾಸಕ್ಕೆ ‘ಬೋಮ್ ಸಿಸ್ಟಮ್’ ಎಂದು ಹೆಸರು. ಹಾಗಾಗಿ ಜರ್ಮನಿಯ ಥಿಯೋಬಾಲ್ಡ್ ಬೋಮ್ ಅವರೇ ಅದನ್ನು ಕಂಡುಹಿಡಿದರು ಎಂದು ಅನೇಕರು ತಿಳಿದುಕೊಂಡಿದ್ದಾರೆ. ಇದು ತಪ್ಪು. ಆದರೆ ಕಂಪ್ಯೂಟರ್ ಹೇಳಿದಂತೆ ಕೆಲಸ ಮಾಡುವ ಸಿಎನ್‌ಸಿ ಯಂತ್ರದಲ್ಲಿ ಕ್ಲಾರಿನೆಟ್‌ನ ಭಾಗಗಳನ್ನು ಮಾಡಿಸಿಕೊಳ್ಳುವ ಈ ಕಾಲಕ್ಕೂ ಬೋಮ್ ಅವರಿಗೂ ನಿಜವಾದ ನಂಟೊಂದಿದೆ. ಅದು ತಿಳಿಯಬೇಕಾದರೆ ಅವರ ಬದುಕನ್ನು ನೋಡಬೇಕು.

ಅಕ್ಕಸಾಲಿಗರ ಮನೆಯ ಹುಡುಗ

ಬೋಮ್ ಹುಟ್ಟಿದ್ದು 1794ರ ಏಪ್ರಿಲ್ 9ರಂದು, ಮ್ಯೂನಿಕ್‌ನಲ್ಲಿ. ತಂದೆ ಅಕ್ಕಸಾಲಿಗರು. ಮಗನೂ ಅದೇ ಕುಸುರಿ ಕೆಲಸ ಕಲಿತರು. ಜೊತೆಗೆ ಫ್ಲೂಟ್ ಹುಚ್ಚು. ಹದಿಹರೆಯದಲ್ಲೇ ತಮಗೆ ಬೇಕಾದ ಫ್ಲೂಟನ್ನು ತಾವೇ ಮಾಡಿಕೊಂಡರು. 1818ರಲ್ಲಿ ರಾಜನ ಆಸ್ಥಾನದ ವಾದ್ಯವೃಂದ ಸೇರಿದರು. 1828ರಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ಹೀಗೆ ನುಡಿಸುವವರೂ ಅವರೇ, ಮಾಡುವವರೂ ಅವರೇ.

ಬೆರಳಿಗಾಗಿ ತೂತೋ, ಸ್ವರಕ್ಕಾಗಿ ತೂತೋ?

ಆಗಿನ ಫ್ಲೂಟ್‌ಗಳಲ್ಲಿ ತೂತುಗಳನ್ನು ಬೆರಳು ಎಟಕುವ ಕಡೆ, ಬೆರಳು ಮುಚ್ಚುವಷ್ಟು ಸಣ್ಣದಾಗಿ ಕೊರೆಯುತ್ತಿದ್ದರು. ಆದರೆ ಸ್ವರ ಸರಿಯಾಗಿ ಬರಬೇಕಾದರೆ ತೂತು ಇರಬೇಕಾದ ಜಾಗವೇ ಬೇರೆ. ಹೀಗಾಗಿ ಕೆಲವು ಸ್ವರಗಳು ಕ್ಷೀಣವಾಗಿ ಕೇಳುತ್ತಿದ್ದವು, ಕೆಲವು ಶ್ರುತಿ ತಪ್ಪುತ್ತಿದ್ದವು.

1831ರಲ್ಲಿ ಲಂಡನ್‌ಗೆ ಹೋದಾಗ ಬೋಮ್ ಅವರು ಚಾರ್ಲ್ಸ್ ನಿಕೋಲ್ಸನ್ ಎಂಬ ಕಲಾವಿದರ ಫ್ಲೂಟ್ ಕೇಳಿದರು. ಅದರ ತೂತುಗಳು ದೊಡ್ಡವು, ಧ್ವನಿಯೂ ದೊಡ್ಡದು. ಊರಿಗೆ ಮರಳಿದ ಬೋಮ್ 1832ರ ಹೊತ್ತಿಗೆ ಲೆಕ್ಕವನ್ನೇ ತಿರುಗಿಸಿದರು. ಮೊದಲು ಸ್ವರಕ್ಕೆ ಬೇಕಾದ ಕಡೆ ತೂತು ಕೊರೆಯುವುದು, ಆಮೇಲೆ ಬೆರಳಿಗೆ ಎಟಕದ ತೂತುಗಳನ್ನು ಉಂಗುರ, ಕಡ್ಡಿ, ಕೀಗಳ ಮೂಲಕ ಮುಚ್ಚುವುದು. ಅಕ್ಕಸಾಲಿಗರ ಮನೆಯಲ್ಲಿ ಪಳಗಿದ ಕೈ ಇಲ್ಲಿ ಕೆಲಸಕ್ಕೆ ಬಂತು.

ಕದ್ದ ಆರೋಪ

ಈ ವಿನ್ಯಾಸ ನಿಮ್ಮದಲ್ಲ, ಗಾರ್ಡನ್ ಎಂಬ ಸೇನಾಧಿಕಾರಿಯದ್ದು ಎಂದು ಕೆಲವರು ಬೋಮ್ ಮೇಲೆ ಆರೋಪ ಹೊರಿಸಿದರು. ಗಾರ್ಡನ್ ಕೂಡ ಹೊಸ ಬಗೆಯ ಫ್ಲೂಟ್‌ಗಾಗಿ ವರ್ಷಗಟ್ಟಲೆ ಶ್ರಮಿಸಿದ್ದರು, ಬೋಮ್ ಅವರ ವರ್ಕ್‌ಶಾಪ್‌ನಲ್ಲೂ ಕೆಲಸ ಮಾಡಿಸಿದ್ದರು. ಬೋಮ್ ಆರೋಪವನ್ನು ತಳ್ಳಿಹಾಕಿದರು. ಇಂದು ಬಹುತೇಕ ಇತಿಹಾಸಕಾರರು ಬೋಮ್ ಪರವಾಗಿಯೇ ಇದ್ದಾರೆ. ಆದರೂ ಈ ಜಗಳ ಅವರ ಸಾವಿನ ನಂತರವೂ ನಿಲ್ಲಲಿಲ್ಲ.

ಈ ನಡುವೆ ಅವರು ಕೆಲ ವರ್ಷ ಬವೇರಿಯಾದ ಉಕ್ಕು ಉದ್ಯಮದ ಸುಧಾರಣೆಯಲ್ಲಿ ತೊಡಗಿದ್ದರು. ನಂತರ ಪ್ರೊಫೆಸರ್ ಶಾಫ್‌ಹಾಯ್ಟಲ್ ಅವರ ಬಳಿ ಧ್ವನಿಶಾಸ್ತ್ರ ಓದಿದರು. ಆಗ ಅವರ ವಯಸ್ಸು 50 ದಾಟಿತ್ತು! 1847ರಲ್ಲಿ ಹೊರಬಂದ ಅವರ ಲೋಹದ ಫ್ಲೂಟ್‌ಗೆ 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಪದಕ ಬಂತು. ಇಂದಿನ ಫ್ಲೂಟ್‌ಗಳಿಗೆ ಅದೇ ಮೂಲ.

ಹಾಗಾದರೆ ಕ್ಲಾರಿನೆಟ್ ಮಾಡಿದವರು ಯಾರು?

ಪ್ಯಾರಿಸ್‌ನ ಇಬ್ಬರು. ಒಬ್ಬರು ಕ್ಲಾರಿನೆಟ್ ಗುರು ಹಯಾಸಿಂತ್ ಕ್ಲೋಸೆ, ಇನ್ನೊಬ್ಬರು ವಾದ್ಯ ತಯಾರಕ ಲೂಯಿ ಆಗಸ್ಟ್ ಬುಫೆ. ಬೋಮ್ ಅವರ ಉಂಗುರದ ಕೀಗಳನ್ನು ಇವರು ಕ್ಲಾರಿನೆಟ್‌ಗೆ ಅಳವಡಿಸಿದರು. 1839ರಲ್ಲಿ ಹೊಸ ವಾದ್ಯ ಪ್ರದರ್ಶನಕ್ಕೆ ಬಂತು, 1844ರಲ್ಲಿ ಪೇಟೆಂಟ್ ಸಿಕ್ಕಿತು.

ಬೋಮ್ ಅವರ ವಿನ್ಯಾಸವನ್ನು ಹಾಗೇ ನಕಲು ಮಾಡಿದ್ದರೆ ಸಾಕಿತ್ತಲ್ಲವೇ? ಸಾಲುತ್ತಿರಲಿಲ್ಲ. ಫ್ಲೂಟ್‌ನಲ್ಲಿ ಷಡ್ಜದ ಬೆರಳಿಟ್ಟು ಜೋರಾಗಿ ಊದಿದರೆ ತಾರಸ್ಥಾಯಿಯ ಷಡ್ಜ ಬರುತ್ತದೆ. ಕ್ಲಾರಿನೆಟ್ ಊದುವ ತುದಿಯಲ್ಲಿ ಮುಚ್ಚಿದ ಕೊಳವೆಯಂತೆ ವರ್ತಿಸುವುದರಿಂದ, ಅದೇ ಬೆರಳಿಗೆ ಮೇಲೆ ಬರುವುದು ತಾರಸ್ಥಾಯಿಯ ಪಂಚಮ. ಆದ್ದರಿಂದ ಬೆರಳುಗಳ ಲೆಕ್ಕವನ್ನು ಕ್ಲೋಸೆ ಮತ್ತು ಬುಫೆ ಹೊಸದಾಗಿಯೇ ಹಾಕಬೇಕಾಯಿತು. ಆದರೂ ಉಳಿದಿದ್ದು ಬೋಮ್ ಹೆಸರು. ತಮಾಷೆಯೆಂದರೆ, ಬೋಮ್ ಅವರ ಜರ್ಮನಿಯಲ್ಲಿ ಇಂದಿಗೂ ಹೆಚ್ಚಾಗಿ ನುಡಿಸುವುದು ‘ಓಹ್ಲರ್ ಸಿಸ್ಟಮ್’ ಎಂಬ ಬೇರೆಯೇ ಕ್ಲಾರಿನೆಟ್.

ಸಿಎನ್‌ಸಿಗೂ ಬೋಮ್‌ಗೂ ಏನು ನಂಟು?

ಬೋಮ್ 1871ರಲ್ಲಿ ಫ್ಲೂಟ್ ಬಗ್ಗೆ ಪುಸ್ತಕ ಬರೆದರು. ಯಾವ ಶ್ರುತಿಯ ಫ್ಲೂಟ್‌ಗೆ ತೂತುಗಳು ಎಲ್ಲೆಲ್ಲಿ ಇರಬೇಕು ಎಂದು ಅಳೆದು ತೆಗೆಯುವ ನಕ್ಷೆಯನ್ನು ಅದರಲ್ಲಿ ವಿವರಿಸಿದರು. ಅಂದರೆ ಅಳತೆಯನ್ನು ಗುಟ್ಟಾಗಿಡದೆ ಬೇರೆಯವರಿಗೂ ಕೊಟ್ಟರು.

ಇಂದು ನಡೆಯುವುದೂ ಇದೇ. ಬೆಂಗಳೂರಿನ ಪೀಣ್ಯದ ಕಾರ್ಖಾನೆಗಳಲ್ಲಿ ವಾಹನಗಳ ಬಿಡಿಭಾಗ ಮಾಡುವಂಥ ಸಿಎನ್‌ಸಿ ಯಂತ್ರಗಳನ್ನೇ ವಿದೇಶಗಳ ವಾದ್ಯ ತಯಾರಕರೂ ಬಳಸುತ್ತಾರೆ. ಉದಾಹರಣೆಗೆ ಕ್ಲಾರಿನೆಟ್‌ನ ‘ಬ್ಯಾರೆಲ್’. ಊದುವ ಭಾಗವನ್ನೂ ಕೆಳಗಿನ ಕೊಳವೆಯನ್ನೂ ಜೋಡಿಸುವ ಈ ತುಂಡಿನ ಉದ್ದ ಸುಮಾರು 6.5 ಸೆಂಟಿಮೀಟರ್. ಅದು ಉದ್ದವಾದರೆ ಶ್ರುತಿ ಇಳಿಯುತ್ತದೆ, ಗಿಡ್ಡವಾದರೆ ಏರುತ್ತದೆ. ಕಲಾವಿದರು ತಮಗೆ ಬೇಕಾದ ಉದ್ದ ಹಾಗೂ ಒಳವ್ಯಾಸ ಹೇಳಿದರೆ, ಕಂಪ್ಯೂಟರ್‌ನಲ್ಲಿ ಚಿತ್ರ ಬರೆದು, ಆ ಅಂಕಿಗಳ ಪ್ರಕಾರ ಯಂತ್ರದಲ್ಲಿ ಕೊರೆಯುತ್ತಾರೆ. ಅಳತೆ ಉಳಿಸಿಟ್ಟುಕೊಂಡರೆ ಅಂಥದ್ದೇ ಇನ್ನೊಂದನ್ನು ಮತ್ತೆ ಮಾಡಬಹುದು.

ಹಾಗಂತ ಯಂತ್ರವೇ ಎಲ್ಲವನ್ನೂ ಮಾಡುತ್ತದೆ ಎಂಬುದೂ ತಪ್ಪು ಕಲ್ಪನೆ. ಕ್ಲಾರಿನೆಟ್‌ಗೆ ಬಳಸುವ ಆಫ್ರಿಕಾದ ಕರಿಮರ ತೇವಾಂಶಕ್ಕೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಅದಕ್ಕೇ ಒಮ್ಮೆ ಒರಟಾಗಿ ಕೊರೆದು, ಮರವನ್ನು ಒಣಗಲು ಬಿಟ್ಟು, ಆಮೇಲೆ ಕೊನೆಯ ಅಳತೆಗೆ ತರುತ್ತಾರೆ. ಕೀಗಳ ಕೆಳಗಿನ ಮೆತ್ತೆ ಕೂರಿಸಲು, ಕಡೆಗೆ ಊದಿ ನೋಡಿ ಶ್ರುತಿ ತಿದ್ದಲು ಈಗಲೂ ಮನುಷ್ಯರ ಕೈ, ಕಿವಿ ಬೇಕು.

ನೆನಪಿಡಬೇಕಾದ್ದು

ಬೋಮ್ 1881ರ ನವೆಂಬರ್ 25ರಂದು ಮ್ಯೂನಿಕ್‌ನಲ್ಲೇ ತೀರಿಕೊಂಡರು. ಬದುಕಿನಲ್ಲಿ, ಬೇರೆಯವರದ್ದನ್ನು ಕದ್ದರು ಎಂಬ ಆರೋಪ ಹೊತ್ತರು. ಸತ್ತ ಮೇಲೆ, ತಾವು ಮಾಡದ ವಾದ್ಯದ ಕೀರ್ತಿಯೂ ಅವರ ಪಾಲಾಯಿತು. ಎರಡೂ ಸರಿಯಲ್ಲ. ಬೋಮ್ ಕ್ಲಾರಿನೆಟ್ ಕಂಡುಹಿಡಿದರು ಎಂಬ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಕ್ಲೋಸೆ ಮತ್ತು ಬುಫೆ ಅವರ ಹೆಸರನ್ನೂ ಸೇರಿಸಿ. ಬೋಮ್ ಅವರನ್ನು ನೆನೆಯಲು ಅವರು ನಿಜವಾಗಿ ಮಾಡಿದ ಕೆಲಸವೇ ಸಾಕು.