ಅಲೆಕ್ಸಾಂಡರ್ ಗ್ರಹಾಂ ಬೆಲ್: ಶ್ರವಣದ ಅಳತೆಗೆ ಹೆಸರಾದವರ ಜೀವನ

ಪೀಠಿಕೆ

ಹಾಸನ ತಾಲ್ಲೂಕಿನ ದುದ್ದ ಹೋಬಳಿ ಹಾಗೂ ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ಶ್ರವಣದೋಷದ ಪ್ರಮಾಣಪತ್ರ, ಶ್ರವಣ ಸಾಧನ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ನಾಗರಿಕರು ತಮ್ಮ ಪರೀಕ್ಷಾ ವರದಿಯಲ್ಲಿ ಡೆಸಿಬಲ್ ಎಂಬ ಪದವನ್ನು ಕಾಣುತ್ತಾರೆ. ದೂರವಾಣಿಯ ಜನಕರೆಂದು ಪ್ರಸಿದ್ಧರಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಈ ಪದದಲ್ಲಿ ಅಡಗಿದೆ. ಅವರು ವೃತ್ತಿಯಿಂದ ಕಿವುಡ ಮಕ್ಕಳ ಶಿಕ್ಷಕರಾಗಿದ್ದರು. ವಾಕ್ ಮತ್ತು ಶ್ರವಣ ಚಿಕಿತ್ಸೆಯು ನಂಬಿಕೆಯನ್ನಲ್ಲದೆ ಪುರಾವೆಯನ್ನು ಆಧರಿಸಬೇಕೆಂಬುದಕ್ಕೆ ಅವರ ಸಾಧನೆಯೂ ಅವರ ತಪ್ಪೂ ಸಾಕ್ಷಿಯಾಗಿವೆ. ಆದ್ದರಿಂದ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಬೆಲ್ ಅವರು 1847ರ ಮಾರ್ಚ್ 3ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಮೆಲ್ವಿಲ್ ಬೆಲ್ ಅವರು ಉಚ್ಚಾರಣಾ ಶಾಸ್ತ್ರದಲ್ಲಿ ಪರಿಣತರು. ಮಾತಿನ ಧ್ವನಿಗಳನ್ನು ನಾಲಿಗೆ ಮತ್ತು ತುಟಿಗಳ ಸ್ಥಾನಕ್ಕನುಗುಣವಾಗಿ ಬರೆದು ತೋರಿಸುವ ಲಿಪಿಯೊಂದನ್ನು ರೂಪಿಸಿದ್ದರು. ತಾಯಿ ಎಲಿಜಾ ಅವರಿಗೆ ಶ್ರವಣಶಕ್ತಿ ಕುಂದಿತ್ತು. ಬಾಲಕ ಬೆಲ್ ತಾಯಿಯ ಹಣೆಯ ಸಮೀಪ ಬಾಯಿಟ್ಟು ಮಾತನಾಡುತ್ತಿದ್ದರು; ಬೆರಳ ಸನ್ನೆಯ ಅಕ್ಷರಗಳನ್ನೂ ಕಲಿತಿದ್ದರು. ಇಬ್ಬರು ಸಹೋದರರು ಕ್ಷಯರೋಗಕ್ಕೆ ಬಲಿಯಾದ ನಂತರ, 1870ರಲ್ಲಿ ಕುಟುಂಬವು ಕೆನಡಾ ದೇಶಕ್ಕೆ ವಲಸೆ ಹೋಯಿತು.

ಶಿಕ್ಷಕ ವೃತ್ತಿ ಮತ್ತು ಸಂಶೋಧನೆ

1871ರಲ್ಲಿ ಅವರು ಅಮೆರಿಕದ ಬಾಸ್ಟನ್ ನಗರದ ಕಿವುಡ ಮಕ್ಕಳ ಶಾಲೆಯಲ್ಲಿ ಬೋಧನೆ ಆರಂಭಿಸಿದರು. 1873ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಬಾಲ್ಯದಲ್ಲಿಯೇ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡಿದ್ದ ತಮ್ಮ ವಿದ್ಯಾರ್ಥಿನಿ ಮೇಬಲ್ ಹಬ್ಬರ್ಡ್ ಅವರನ್ನು 1877ರಲ್ಲಿ ವಿವಾಹವಾದರು. ಅದಕ್ಕೂ ಮುನ್ನ 1876ರ ಮಾರ್ಚ್ 7ರಂದು ಅವರಿಗೆ ದೂರವಾಣಿಯ ಹಕ್ಕುಸ್ವಾಮ್ಯ ಪತ್ರ ದೊರೆತಿತ್ತು.

ತದನಂತರ ಅವರು ಕಿವಿಯ ಶಕ್ತಿಯನ್ನು ಅಳೆಯುವ ವಿದ್ಯುತ್ ಉಪಕರಣವೊಂದನ್ನು ಸಿದ್ಧಪಡಿಸಿ, 1880ರ ದಶಕದಲ್ಲಿ ವಾಷಿಂಗ್ಟನ್ ನಗರದ ನೂರಾರು ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಯಾರ ಗಮನಕ್ಕೂ ಬಾರದ ಶ್ರವಣದೋಷ ಹಲವು ಮಕ್ಕಳಲ್ಲಿ ಕಂಡುಬಂದಿತು. ಮಂದಬುದ್ಧಿ ಅಥವಾ ಅಲಕ್ಷ್ಯವೆಂದು ತೋರುವುದು ವಾಸ್ತವವಾಗಿ ಕೇಳಿಸದಿರುವಿಕೆಯೂ ಆಗಿರಬಹುದೆಂಬುದು ಇಂತಹ ಅಳತೆಯಿಂದ ಮಾತ್ರವೇ ತಿಳಿಯುತ್ತದೆ. 1886ರಲ್ಲಿ ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದ ಬಾಲಕಿ ಹೆಲೆನ್ ಕೆಲ್ಲರ್ ಅವರ ಪೋಷಕರಿಗೆ ಸೂಕ್ತ ಶಾಲೆಯ ದಾರಿ ತೋರಿಸಿದವರೂ ಬೆಲ್ ಅವರೇ.

ನಂಬಿಕೆ ಮತ್ತು ಪುರಾವೆ

ಬೆಲ್ ಅವರು ಸನ್ನೆ ಭಾಷೆಯನ್ನು ಬಲ್ಲವರಾಗಿದ್ದರೂ ಶಾಲೆಗಳಲ್ಲಿ ಅದರ ಬಳಕೆಯನ್ನು ವಿರೋಧಿಸಿದರು. ಕಿವುಡರು ಪರಸ್ಪರ ವಿವಾಹವಾದಲ್ಲಿ ಕಿವುಡರದೇ ಒಂದು ಪ್ರತ್ಯೇಕ ಸಂತತಿ ಬೆಳೆಯುವುದೆಂದು 1883ರಲ್ಲಿ ಮಂಡಿಸಿದ ಪ್ರಬಂಧದಲ್ಲಿ ಎಚ್ಚರಿಸಿದರು. ಆದರೆ ಈ ವಿಷಯದಲ್ಲಿ ಪುರಾವೆ ಬೇರೆಯಾಗಿತ್ತು. ಎಡ್ವರ್ಡ್ ಅಲೆನ್ ಫೇ ಅವರು ಸುಮಾರು 4,500 ವಿವಾಹಗಳ ವಿವರಗಳನ್ನು ಸಂಗ್ರಹಿಸಿ ಪರಿಶೀಲಿಸಿದಾಗ, ಕಿವುಡ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕಿವಿ ಕೇಳುವುದೆಂದು ತಿಳಿದುಬಂದಿತು. ಈ ವರದಿಯನ್ನು 1898ರಲ್ಲಿ ಪ್ರಕಟಿಸಿದ್ದು ಬೆಲ್ ಅವರೇ ಸ್ಥಾಪಿಸಿದ್ದ ವೋಲ್ಟಾ ಬ್ಯೂರೋ ಎಂಬುದು ಗಮನಾರ್ಹ.

ಆದಾಗ್ಯೂ ಶಾಲೆಗಳ ಧೋರಣೆ ಬದಲಾಗಲಿಲ್ಲ. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ನಡೆದ ಶಿಕ್ಷಕರ ಸಮ್ಮೇಳನವು ಮಾತಿನ ಮೂಲಕ ಬೋಧಿಸುವ ಕ್ರಮವೇ ಶ್ರೇಷ್ಠವೆಂದು ನಿರ್ಣಯಿಸಿತ್ತು. ಬೆಲ್ ಅವರ ಕೀರ್ತಿಯೂ ಅದೇ ಕ್ರಮಕ್ಕೆ ಬಲ ನೀಡಿತು. ಅನೇಕ ದೇಶಗಳಲ್ಲಿ ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಹಲವು ಮಕ್ಕಳು ಯಾವ ಭಾಷೆಯನ್ನೂ ಪೂರ್ಣವಾಗಿ ಕಲಿಯದೆ ಬೆಳೆದರು. 1960ರಲ್ಲಿ ವಿಲಿಯಂ ಸ್ಟೋಕಿ ಅವರು ಅಮೆರಿಕದ ಸನ್ನೆ ಭಾಷೆಗೆ ತನ್ನದೇ ಆದ ರಚನೆಯಿದೆಯೆಂದು ತೋರಿಸಿದರು. 2010ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ಮಿಲಾನ್ ನಿರ್ಣಯಗಳನ್ನು ತಿರಸ್ಕರಿಸಿ ವಿಷಾದ ವ್ಯಕ್ತಪಡಿಸಿತು. ಪುರಾವೆಯನ್ನು ಕಡೆಗಣಿಸಿದುದರ ಬೆಲೆಯನ್ನು ಹಲವು ತಲೆಮಾರುಗಳ ಮಕ್ಕಳು ತೆರಬೇಕಾಯಿತು.

ನಿಧನ ಮತ್ತು ಗೌರವ

ಬೆಲ್ ಅವರು 1922ರ ಆಗಸ್ಟ್ 2ರಂದು ಕೆನಡಾದಲ್ಲಿ ನಿಧನರಾದರು. ಅಂತ್ಯಕ್ರಿಯೆಯ ವೇಳೆ ಉತ್ತರ ಅಮೆರಿಕದ ದೂರವಾಣಿ ಸೇವೆಯನ್ನು ಒಂದು ನಿಮಿಷ ಸ್ಥಗಿತಗೊಳಿಸಲಾಯಿತು. 1920ರ ದಶಕದಲ್ಲಿ ದೂರವಾಣಿ ಎಂಜಿನಿಯರುಗಳು ಅವರ ಗೌರವಾರ್ಥ ಬೆಲ್ ಎಂಬ ಮಾನವನ್ನು ಬಳಕೆಗೆ ತಂದರು. ಅದರ ಹತ್ತನೆಯ ಒಂದು ಭಾಗವೇ ಡೆಸಿಬಲ್.

ನಾಗರಿಕರ ಗಮನಕ್ಕೆ

ಪುರಾವೆ ಆಧಾರಿತ ಚಿಕಿತ್ಸೆಯೆಂದರೆ ಸಂಶೋಧನೆಯಿಂದ ದೃಢಪಟ್ಟ ಜ್ಞಾನ, ತಜ್ಞರ ಅನುಭವ ಮತ್ತು ಕುಟುಂಬದ ಅಗತ್ಯ ಹಾಗೂ ಆಯ್ಕೆ, ಈ ಮೂರನ್ನೂ ಪರಿಗಣಿಸಿ ನೀಡುವ ಚಿಕಿತ್ಸೆ. ನಮ್ಮ ರಾಜ್ಯದಲ್ಲಿ, 1966ರಲ್ಲಿ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯು ಚಿಕಿತ್ಸೆ, ತರಬೇತಿ ಮತ್ತು ಸಂಶೋಧನೆಗಳನ್ನು ಒಂದೆಡೆ ನಡೆಸುತ್ತಿದೆ.

1. ಮಗುವಿಗೆ ಒಂದು ತಿಂಗಳು ತುಂಬುವುದರೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ದೋಷದ ನಿರ್ಧಾರ ಮತ್ತು ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಆಗುವುದು ಅಪೇಕ್ಷಣೀಯ.

2. ಮಾತು ತಡವಾದರೂ ತಾನಾಗಿಯೇ ಬರುವುದೆಂದು ಕಾಯುವುದರಿಂದಾಗಲಿ, ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದಾಗಲಿ ಶ್ರವಣದೋಷ ನಿವಾರಣೆಯಾಗುವುದಿಲ್ಲ. ಭಾಷೆ ಕಲಿಯುವ ಅಮೂಲ್ಯ ಕಾಲ ಕಳೆದುಹೋಗುತ್ತದೆ.

3. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ಶ್ರವಣನಷ್ಟವುಳ್ಳವರನ್ನು ಮಂದಶ್ರವಣವುಳ್ಳವರೆಂದೂ, 70 ಡೆಸಿಬಲ್ ನಷ್ಟವುಳ್ಳವರನ್ನು ಕಿವುಡರೆಂದೂ ಪರಿಗಣಿಸಲಾಗುತ್ತದೆ. ವಾಕ್ ಮತ್ತು ಭಾಷಾ ವೈಕಲ್ಯವು ಪ್ರತ್ಯೇಕ ವರ್ಗವಾಗಿದೆ.

4. ಶ್ರವಣ ಸಾಧನ, ಮಾತಿನ ತರಬೇತಿ ಅಥವಾ ಸನ್ನೆ ಭಾಷೆ, ಇವುಗಳಲ್ಲಿ ಮಗುವಿಗೆ ಯಾವುದು ಯಾವ ಪ್ರಮಾಣದಲ್ಲಿ ಅಗತ್ಯವೆಂಬುದನ್ನು ಪರೀಕ್ಷೆಯ ಆಧಾರದ ಮೇಲೆ ತಜ್ಞರೊಡನೆ ಚರ್ಚಿಸಿ ನಿರ್ಧರಿಸತಕ್ಕದ್ದು. ಸೂಚಿಸಲಾದ ಚಿಕಿತ್ಸೆಗೆ ಯಾವ ಆಧಾರವಿದೆಯೆಂದು ಕೇಳಿ ತಿಳಿಯುವುದು ಪೋಷಕರ ಹಕ್ಕು.

ಪೋಷಕರು ಮಕ್ಕಳ ಶ್ರವಣ ಪರೀಕ್ಷೆಯನ್ನು ಮುಂದೂಡದೆ ಮಾಡಿಸಿ, ಸೌಲಭ್ಯಗಳ ಸದುಪಯೋಗ ಪಡೆಯಬೇಕಾಗಿ ಕೋರಲಾಗಿದೆ.