ಜೋಸೆಫ್ ವಿಟ್ವರ್ತ್

ಸರ್ ಜೋಸೆಫ್ ವಿಟ್ವರ್ತ್ (21 ಡಿಸೆಂಬರ್ 1803 – 22 ಜನವರಿ 1887) ಇಂಗ್ಲೆಂಡಿನ ಯಂತ್ರಶಿಲ್ಪಿ ಮತ್ತು ಕೈಗಾರಿಕೋದ್ಯಮಿ. ತಿರುಪುಮೊಳೆಗಳ ಅಳತೆಗೆ ಏಕರೂಪತೆ ತಂದವನೆಂದು ಪ್ರಸಿದ್ಧ. ಷಡ್ಭುಜಾಕಾರದ ಒಳರಂಧ್ರವುಳ್ಳ ಕೋವಿಯನ್ನು ರೂಪಿಸಿ, ಇಂದು ಬಹುಭುಜ ರೈಫ್ಲಿಂಗ್ ಎನಿಸಿಕೊಳ್ಳುವ ವಿಧಾನವನ್ನು ಬಳಕೆಗೆ ತಂದ ಮೊದಲಿಗರಲ್ಲಿ ಈತ ಮುಖ್ಯ.

ಆರಂಭಿಕ ಜೀವನ

ಚೆಷೈರ್ ಪ್ರಾಂತ್ಯದ ಸ್ಟಾಕ್‌ಪೋರ್ಟ್‌ನಲ್ಲಿ ಜನನ. ತಂದೆ ಚಾರ್ಲ್ಸ್ ಶಾಲಾ ಉಪಾಧ್ಯಾಯ, ಮುಂದೆ ಕ್ರೈಸ್ತ ಪಾದ್ರಿ. ಹದಿನಾಲ್ಕನೆಯ ವಯಸ್ಸಿನಲ್ಲಿ ಡಾರ್ಬಿಷೈರ್‌ನಲ್ಲಿದ್ದ ಬಂಧುವಿನ ಹತ್ತಿಗಿರಣಿಗೆ ಕೆಲಸ ಕಲಿಯಲು ಸೇರಿದ ಈತನನ್ನು ಆಕರ್ಷಿಸಿದ್ದು ನೂಲಲ್ಲ, ನೂಲುವ ಯಂತ್ರಗಳು. ಗಿರಣಿಯನ್ನು ಬಿಟ್ಟು ಮ್ಯಾಂಚೆಸ್ಟರಿನಲ್ಲಿ ಯಂತ್ರದ ಕೆಲಸಗಾರನಾದ. 1825ರಲ್ಲಿ ಲಂಡನ್ನಿಗೆ ಹೋಗಿ ಹೆನ್ರಿ ಮಾಡ್ಸ್ಲೆಯ ಕಾರ್ಖಾನೆ ಸೇರಿದ. ಮುಂದೆ ಜೋಸೆಫ್ ಕ್ಲೆಮೆಂಟನ ಕಾರ್ಖಾನೆಯಲ್ಲೂ ದುಡಿದ. ಚಾರ್ಲ್ಸ್ ಬ್ಯಾಬೇಜನ ಗಣನಯಂತ್ರದ ಭಾಗಗಳು ಸಿದ್ಧವಾಗುತ್ತಿದ್ದುದು ಅಲ್ಲಿಯೇ. 1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ಕಾರ್ಖಾನೆ ತೆರೆದ.

ನಿಖರತೆಯ ಸಾಧನೆ

ಲೋಹದ ಫಲಕವನ್ನು ಪೂರ್ಣ ಸಮತಟ್ಟಾಗಿಸುವುದು ಆ ಕಾಲಕ್ಕೆ ಸುಲಭವಾಗಿರಲಿಲ್ಲ. ಎರಡು ಫಲಕಗಳನ್ನು ಮಾತ್ರ ಒಂದಕ್ಕೊಂದು ಹೊಂದಿಸುತ್ತ ಹೋದರೆ ಒಂದು ತಗ್ಗಾಗಿ ಇನ್ನೊಂದು ಉಬ್ಬಿಕೊಂಡು, ದೋಷವಿದ್ದೂ ಎರಡೂ ಕೂಡಿಕೊಳ್ಳುವ ಸಂಭವವಿತ್ತು. ವಿಟ್ವರ್ತ್ ಮೂರು ಫಲಕಗಳನ್ನು ಸರದಿಯಂತೆ ಪರಸ್ಪರ ಹೋಲಿಸಿ, ಉಬ್ಬಿದ ಕಡೆ ಮಾತ್ರ ಕೆರೆದು ಸಮ ಮಾಡಿದ. ಮೂರೂ ಒಂದಕ್ಕೊಂದು ಹೊಂದಬೇಕಾದರೆ ಮೂರೂ ಸಮತಟ್ಟಾಗಿರಲೇಬೇಕು. ಅಂಗುಲದ ಹತ್ತು ಲಕ್ಷದ ಒಂದಂಶವನ್ನು ಗುರುತಿಸಬಲ್ಲ ಅಳತೆಯಂತ್ರವನ್ನೂ ಈತ ನಿರ್ಮಿಸಿದ.

1841ರಲ್ಲಿ, ಹಲವು ಕಾರ್ಖಾನೆಗಳ ತಿರುಪುಮೊಳೆಗಳನ್ನು ಸಂಗ್ರಹಿಸಿ ಅವುಗಳ ಸರಾಸರಿಯ ಆಧಾರದ ಮೇಲೆ 55 ಡಿಗ್ರಿ ಕೋನದ ಏಕರೂಪ ಸುತ್ತನ್ನು ಸೂಚಿಸಿದ. ಅಲ್ಲಿಯವರೆಗೆ ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಹೊಂದುವ ಭರವಸೆಯಿರಲಿಲ್ಲ. ಈ ಕ್ರಮವು ಬ್ರಿಟನ್ನಿನಲ್ಲೂ ಭಾರತವೂ ಸೇರಿದಂತೆ ಅದರ ಆಳ್ವಿಕೆಯ ದೇಶಗಳಲ್ಲೂ ನೆಲೆಯೂರಿತು.

ಷಡ್ಭುಜ ನಳಿಕೆಯ ಕೋವಿ

1854ರಲ್ಲಿ ಬ್ರಿಟಿಷ್ ಸರ್ಕಾರವು ಎನ್‌ಫೀಲ್ಡ್ ಕೋವಿಗಳನ್ನು ತಯಾರಿಸುವ ಯಂತ್ರಗಳಿಗಾಗಿ ವಿಟ್ವರ್ತ್‌ನ ನೆರವು ಕೇಳಿತು. (ಇದೇ ಎನ್‌ಫೀಲ್ಡ್ ಕೋವಿಯ ಕೊಬ್ಬು ಸವರಿದ ತೋಟಾಗಳು 1857ರ ಭಾರತದ ದಂಗೆಗೆ ಕಿಡಿಯಾದವು.) ಕೋವಿಯ ನಳಿಕೆ ಹೇಗಿರಬೇಕೆಂಬುದೇ ನಿರ್ಧಾರವಾಗದೆ ಯಂತ್ರ ಮಾಡುವುದರಲ್ಲಿ ಅರ್ಥವಿಲ್ಲವೆಂದು ಈತ ಮೊದಲು ಪ್ರಯೋಗಗಳಿಗೆ ಅವಕಾಶ ಬೇಡಿದ. ಮ್ಯಾಂಚೆಸ್ಟರಿನ ತನ್ನ ಮನೆಯ ಆವರಣದಲ್ಲಿ, ಸರ್ಕಾರದ ವೆಚ್ಚದಲ್ಲಿ, 500 ಗಜ ಉದ್ದದ ಮುಚ್ಚಿದ ಗುಂಡಿನಂಗಳವನ್ನು ಕಟ್ಟಿಸಿದ. ಬಿರುಗಾಳಿಗೆ ಅದು ಕುಸಿದಾಗ ಮತ್ತೆ ಕಟ್ಟಬೇಕಾಯಿತು. ಗುಂಡು ಸಾಗುವ ದಾರಿಯನ್ನು ತಿಳಿಯಲು ತೆಳುಕಾಗದದ ತೆರೆಗಳನ್ನು ಕಟ್ಟಿ, ಅವುಗಳಲ್ಲಿ ಬಿದ್ದ ತೂತುಗಳನ್ನು ಅಳೆಯುತ್ತಿದ್ದ.

ಗುಂಡು ತನ್ನ ಅಕ್ಷದ ಮೇಲೆ ತಿರುಗಿದರೆ ಓಲಾಡದೆ ನೇರ ಸಾಗುತ್ತದೆ. ಈ ತಿರುಗುವಿಕೆಯನ್ನು ನೀಡುವ ವ್ಯವಸ್ಥೆಯೇ ರೈಫ್ಲಿಂಗ್. ಸಾಮಾನ್ಯ ವಿಧಾನದಲ್ಲಿ ದುಂಡಾದ ನಳಿಕೆಯ ಒಳಗೋಡೆಯಲ್ಲಿ ಸುರುಳಿಯಾಗಿ ತೋಡುಗಳನ್ನು ಕೊರೆಯುತ್ತಾರೆ. ತೋಡುಗಳ ನಡುವೆ ಉಳಿಯುವ ಏಣುಗಳು ಮೃದುವಾದ ಸೀಸವನ್ನು ಕಚ್ಚಿ ತಿರುಗಿಸುತ್ತವೆ. ವಿಟ್ವರ್ತ್ ತೋಡುಗಳನ್ನೇ ಕೈಬಿಟ್ಟ. ಮೂಲೆಗಳನ್ನು ನಯವಾಗಿ ದುಂಡಾಗಿಸಿದ ಆರು ಬದಿಯ ರಂಧ್ರವೇ ನಳಿಕೆಯುದ್ದಕ್ಕೂ ತಿರುಚಿಕೊಂಡು ಸಾಗುತ್ತಿತ್ತು. ಗುಂಡಿಗೂ ಅದೇ ತಿರುಚಿದ ಷಡ್ಭುಜ ರೂಪವಿತ್ತು. ನಟ್ಟಿನೊಳಗೆ ಬೋಲ್ಟು ತಿರುಗುವ ಕ್ರಮವಿದು; ತಿರುಪಿನ ಶಿಲ್ಪಿಗೆ ಇದು ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಈ ವ್ಯತ್ಯಾಸದ ಫಲ ದೊಡ್ಡದು. ಎನ್‌ಫೀಲ್ಡ್ ನಳಿಕೆಯ ವ್ಯಾಸ 0.577 ಅಂಗುಲ, ಒಂದು ಪೂರ್ಣ ಸುತ್ತಿಗೆ 78 ಅಂಗುಲ. ವಿಟ್ವರ್ತ್ ವ್ಯಾಸವನ್ನು 0.451 ಅಂಗುಲಕ್ಕೆ ಇಳಿಸಿ, 20 ಅಂಗುಲಕ್ಕೇ ಒಂದು ಸುತ್ತು ಕೊಟ್ಟ. ತೂಕ ಕಡಿಮೆಯಾಗದೆ ಗುಂಡು ಸಪುರವೂ ಉದ್ದವೂ ಆಯಿತು. ಉದ್ದದ ಗುಂಡಿಗೆ ವೇಗದ ಸುತ್ತು ಬೇಕು. ಆಳವಿಲ್ಲದ ತೋಡುಗಳಲ್ಲಿ ಅಷ್ಟು ಬಿಗಿ ಸುತ್ತಿದ್ದರೆ ಮೃದು ಸೀಸವು ಕಿತ್ತುಕೊಂಡು ತಿರುಗದೆ ಜಾರುವ ಅಪಾಯವಿದೆ. ಷಡ್ಭುಜದ ಅಗಲ ಬದಿಗಳು ಹಾಗೆ ಜಾರಲು ಬಿಡುವುದಿಲ್ಲ.

1857ರಲ್ಲಿ ಹೈಥ್‌ನಲ್ಲಿ ನಡೆದ ಸ್ಪರ್ಧಾ ಪರೀಕ್ಷೆಯಲ್ಲಿ 500 ಗಜ ದೂರಕ್ಕೆ ಎನ್‌ಫೀಲ್ಡ್ ಗುಂಡುಗಳ ಸರಾಸರಿ ಚದುರುವಿಕೆ ಎರಡು ಅಡಿಗೂ ಮಿಕ್ಕಿತ್ತು; ವಿಟ್ವರ್ತ್ ಕೋವಿಯದು ಅರ್ಧ ಅಡಿಗಿಂತ ಕಡಿಮೆ. 1400 ಗಜದಲ್ಲಿ ಎನ್‌ಫೀಲ್ಡ್ ಗುರಿಫಲಕವನ್ನೇ ಮುಟ್ಟಲಿಲ್ಲ. ಆದರೂ ಸೇನೆ ಈ ಕೋವಿಯನ್ನು ಒಪ್ಪಲಿಲ್ಲ. ಬೆಲೆ ಬಹಳ ಹೆಚ್ಚಾಗಿತ್ತು. ಕಿರಿದಾದ ರಂಧ್ರದಲ್ಲಿ ಮದ್ದಿನ ಮಸಿ ಬೇಗ ಕಟ್ಟಿಕೊಂಡು, ಬಾಯಿಯಿಂದ ಗುಂಡು ತುಂಬುವುದು ಕಷ್ಟವಾಗುತ್ತಿತ್ತು. ಯುದ್ಧಭೂಮಿಯ ಸಾಮಾನ್ಯ ಸೈನಿಕನಿಗೆ ಈ ಆಕ್ಷೇಪ ಅಸಂಗತವಲ್ಲ.

2 ಜುಲೈ 1860ರಂದು ವಿಂಬಲ್ಡನ್ನಿನಲ್ಲಿ ರಾಷ್ಟ್ರೀಯ ರೈಫಲ್ ಸಂಘದ ಸ್ಪರ್ಧೆಯನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ಇದೇ ಕೋವಿಯಿಂದ. ಆಧಾರಕ್ಕೆ ಬಿಗಿದಿದ್ದ ಕೋವಿಯ ದಾರವನ್ನು ಆಕೆ ಎಳೆದಾಗ ಗುಂಡು 400 ಗಜ ದೂರದ ಗುರಿಯ ನಡುವಿಗೆ ತೀರ ಸಮೀಪ ನಾಟಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆಗಳು ಅಲ್ಪಸಂಖ್ಯೆಯ ಈ ಕೋವಿಗಳನ್ನು ಆಯ್ದ ಗುರಿಕಾರರಿಗೆ ಕೊಟ್ಟವು. 9 ಮೇ 1864ರಂದು ಸ್ಪಾಟ್ಸಿಲ್ವೇನಿಯಾದಲ್ಲಿ ದೂರದಿಂದ ಬಂದ ಗುಂಡಿಗೆ ಬಲಿಯಾದ ಉತ್ತರದ ಜನರಲ್ ಜಾನ್ ಸೆಜ್ವಿಕ್‌ನ ಸಾವಿಗೆ ಇದೇ ಕೋವಿ ಕಾರಣವೆಂಬ ನಂಬಿಕೆ ಪ್ರಚಲಿತ.

ನಂತರದ ಬಳಕೆ

1888ರ ಲೀ-ಮೆಟ್‌ಫರ್ಡ್ ಕೋವಿಯಲ್ಲಿ ಏಣುಗಳ ಅಂಚನ್ನು ಮೊಂಡಾಗಿಸಿದ ಏಳು ತೋಡುಗಳಿದ್ದವು. ಹೊಗೆರಹಿತ ಮದ್ದಿನ ಶಾಖಕ್ಕೆ ಅವು ಬೇಗ ಸವೆದುದರಿಂದ 1895ರಲ್ಲಿ ಆಳವಾದ, ಚೌಕ ಅಂಚಿನ ತೋಡುಗಳಿಗೆ ಮರಳಬೇಕಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಗ್ಲಾಕ್ ಮೊದಲಾದ ಪಿಸ್ತೂಲುಗಳಲ್ಲಿ ಬಹುಭುಜ ನಳಿಕೆ ಮತ್ತೆ ಬಂದಿತು. ಇಲ್ಲಿ ಗುಂಡು ದುಂಡಗೇ ಇದ್ದು, ಒತ್ತಡದಿಂದ ನಳಿಕೆಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಚೂಪಾದ ಏಣುಗಳಿಲ್ಲದ ಕಾರಣ ಗುಂಡಿನ ಮೇಲೆ ಗುರುತು ಅಸ್ಪಷ್ಟವಾಗುತ್ತದೆ. ಅಪರಾಧ ಪತ್ತೆಯ ತಜ್ಞರಿಗೆ ಇದೊಂದು ತೊಡಕು.

ಕೊನೆಯ ದಿನಗಳು

1868ರಲ್ಲಿ ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ವರ್ಷಕ್ಕೆ 3000 ಪೌಂಡುಗಳ ವಿದ್ಯಾರ್ಥಿವೇತನವನ್ನು ಸ್ಥಾಪಿಸಿದ. ಮರುವರ್ಷ ಬ್ಯಾರನೆಟ್ ಪದವಿ ಬಂದಿತು. ಮಾಂಟೆ ಕಾರ್ಲೊದಲ್ಲಿ ತೀರಿಕೊಂಡ ಈತನ ಸಮಾಧಿ ಡಾರ್ಲಿ ಡೇಲ್‌ನಲ್ಲಿದೆ. ಫಿರಂಗಿ ತಯಾರಿಕೆಯಲ್ಲಿ ಈತನ ದೀರ್ಘಕಾಲದ ಪ್ರತಿಸ್ಪರ್ಧಿಯಾಗಿದ್ದ ವಿಲಿಯಂ ಆರ್ಮ್‌ಸ್ಟ್ರಾಂಗನ ಕಂಪನಿಯೊಡನೆ ವಿಟ್ವರ್ತ್ ಕಂಪನಿಯು 1897ರಲ್ಲಿ ವಿಲೀನವಾಯಿತು.