ಮದುವೆಯಾದ ತಪ್ಪಿಗೆ ಕೆಲಸ ಕಳೆದುಕೊಂಡ ಪಲೆಸ್ಟ್ರೀನಾ

1555ರ ಸೆಪ್ಟೆಂಬರ್‌ನಲ್ಲಿ ಪೋಪ್ ನಾಲ್ಕನೇ ಪೌಲ್ ಹೊರಡಿಸಿದ ಆದೇಶವೊಂದು ರೋಮ್‌ನ ಸಿಸ್ಟೀನ್ ಚಾಪೆಲ್ ಗಾಯನವೃಂದದ ಮೂವರನ್ನು ಕೆಲಸದಿಂದ ಕಿತ್ತುಹಾಕಿತು. ಮೂವರೂ ಸಂಸಾರಿಗಳು. ಪೋಪರ ಸ್ವಂತ ವೃಂದದಲ್ಲಿ ಹಾಡುವವರು ಅವಿವಾಹಿತರಾಗಿರಬೇಕೆಂಬ ನಿಯಮವನ್ನು ಹೊಸ ಪೋಪ್ ಕಟ್ಟುನಿಟ್ಟಾಗಿ ಜಾರಿಗೊಳಿಸಿದ್ದ. ಸಣ್ಣದೊಂದು ಪಿಂಚಣಿ ಹಿಡಿದು ಹೊರನಡೆದ ಆ ಮೂವರಲ್ಲಿ ಒಬ್ಬ, ಮುಂದೆ ಕ್ಯಾಥೊಲಿಕ್ ಧರ್ಮಸಭೆಯ ಲ್ಯಾಟಿನ್ ವೃಂದಗಾನಕ್ಕೆ ಪರ್ಯಾಯ ಹೆಸರೇ ಆಗಿಬಿಟ್ಟ ಜೊವಾನ್ನಿ ಪಿಯೆರ್‌ಲುಯಿಜಿ ದ ಪಲೆಸ್ಟ್ರೀನಾ.

ಪಲೆಸ್ಟ್ರೀನಾ ಎಂಬುದು ಊರಿನ ಹೆಸರು. ರೋಮ್‌ಗೆ ಸಮೀಪದ ಆ ಪುಟ್ಟ ಪಟ್ಟಣದಲ್ಲಿ 1525ರ ಸುಮಾರಿಗೆ ಆತ ಜನಿಸಿದ. 1537ರ ದಾಖಲೆಯಲ್ಲಿ ರೋಮ್‌ನ ಸಾಂತಾ ಮರಿಯಾ ಮಜ್ಜೋರೆ ಬೆಸಿಲಿಕಾದ ಬಾಲಗಾಯಕರ ಪಟ್ಟಿಯಲ್ಲಿ ಅವನ ಹೆಸರಿದೆ. 1544ರಲ್ಲಿ ಹುಟ್ಟೂರಿನ ಪ್ರಧಾನ ದೇವಾಲಯಕ್ಕೆ ಆರ್ಗನ್ ವಾದಕನಾಗಿ ಮರಳಿದ. 1547ರಲ್ಲಿ ಲುಕ್ರೆಜಿಯಾ ಗೋರಿಯ ಕೈಹಿಡಿದ. ಅಲ್ಲಿಯೇ ಉಳಿದಿದ್ದರೆ ಬಹುಶಃ ಇಂದು ಯಾರೂ ಅವನನ್ನು ನೆನೆಯುತ್ತಿರಲಿಲ್ಲ. ಆದರೆ ಆ ಊರಿನ ಬಿಷಪ್ 1550ರಲ್ಲಿ ಮೂರನೇ ಜೂಲಿಯಸ್ ಎಂಬ ಹೆಸರಿನಿಂದ ಪೋಪ್ ಪಟ್ಟವೇರಿದ. ತನ್ನೂರಿನ ತರುಣನನ್ನು ಆತ ಮರೆಯಲಿಲ್ಲ.

ಮರುವರ್ಷವೇ ಪಲೆಸ್ಟ್ರೀನಾ ಸೇಂಟ್ ಪೀಟರ್ಸ್ ಬೆಸಿಲಿಕಾದ ಜೂಲಿಯಾ ಗಾಯನವೃಂದದ ಮುಖ್ಯಸ್ಥನಾದ. 1554ರಲ್ಲಿ ಬಲಿಪೂಜೆಯ ಸಂಗೀತದ ಮೊದಲ ಸಂಪುಟವನ್ನು ಮುದ್ರಿಸಿ ಪೋಪ್‌ಗೇ ಅರ್ಪಿಸಿದ. 1555ರ ಜನವರಿಯಲ್ಲಿ, ಪರೀಕ್ಷೆಯೂ ಇಲ್ಲದೆ, ಮದುವೆಯ ಅಡ್ಡಿಯೂ ಇಲ್ಲದೆ ಸಿಸ್ಟೀನ್ ವೃಂದಕ್ಕೆ ಸೇರ್ಪಡೆಯಾದ. ಪೋಪರ ಕೃಪೆಯಿಂದ ಸಿಕ್ಕ ಕೆಲಸ ಪೋಪ್ ಬದಲಾದಾಗ ಹೋಯಿತು. ಜೂಲಿಯಸ್ ಮಾರ್ಚ್‌ನಲ್ಲಿ ತೀರಿಕೊಂಡ. ನಂತರ ಬಂದ ಎರಡನೇ ಮಾರ್ಸೆಲಸ್ ಬದುಕಿದ್ದು ಮೂರು ವಾರ ಮಾತ್ರ. ಆಮೇಲೆ ಬಂದವನೇ ನಾಲ್ಕನೇ ಪೌಲ್.

ಆ ಮೂರು ವಾರಗಳ ಪೋಪನಿಂದಲೇ ಪಲೆಸ್ಟ್ರೀನಾನ ಕೀರ್ತಿಯ ಕಥೆ ಆರಂಭವಾಗುತ್ತದೆ. ಅದನ್ನು ತಿಳಿಯಲು ಈ ಸಂಗೀತದ ಬಗೆ ಸ್ವಲ್ಪ ಗೊತ್ತಿರಬೇಕು. ನಮ್ಮ ಸಂಗೀತದಲ್ಲಿ ರಾಗದ ಎಳೆ ಒಂದೇ. ಪಕ್ಕವಾದ್ಯ ಅದನ್ನು ಹಿಂಬಾಲಿಸುತ್ತದೆ. ಅಲ್ಲಿ ನಾಲ್ಕು, ಐದು ಅಥವಾ ಆರು ಕಂಠಗಳು ತಮ್ಮ ತಮ್ಮ ಸ್ವರಮಾರ್ಗದಲ್ಲಿ ಏಕಕಾಲಕ್ಕೆ ಸಾಗುತ್ತವೆ. ಒಂದು ಕಂಠ ಪದವನ್ನು ಮುಗಿಸುವಾಗ ಇನ್ನೊಂದು ಅದನ್ನು ಆರಂಭಿಸಿರುತ್ತದೆ. ಕಿವಿಗೆ ಇಂಪು, ಆದರೆ ಪ್ರಾರ್ಥನೆಯ ಮಾತುಗಳು ಕಲಸಿಹೋಗುತ್ತವೆ ಎಂಬ ದೂರು ಹಳೆಯದು. 1555ರ ಶುಭ ಶುಕ್ರವಾರದಂದು ಮಾರ್ಸೆಲಸ್ ತನ್ನ ಗಾಯಕರನ್ನು ಕರೆಸಿ, ದಿನದ ಗಾಂಭೀರ್ಯಕ್ಕೆ ತಕ್ಕಂತೆ, ಪದಗಳು ಅರ್ಥವಾಗುವಂತೆ ಹಾಡಬೇಕೆಂದು ಸೂಚಿಸಿದ. ಆ ವೃಂದದಲ್ಲಿ ಅಂದು ಪಲೆಸ್ಟ್ರೀನಾನೂ ಸದಸ್ಯನಾಗಿದ್ದ.

1562ರಲ್ಲಿ ಟ್ರೆಂಟ್ ಮಹಾಸಭೆ ಚರ್ಚ್ ಸಂಗೀತದಲ್ಲಿ ಅಶ್ಲೀಲವೆನಿಸುವ ಯಾವುದೂ ಬೆರೆಯಬಾರದೆಂದು ನಿರ್ಣಯಿಸಿತು. 1565ರ ಏಪ್ರಿಲ್‌ನಲ್ಲಿ ಕಾರ್ಡಿನಲ್ ವಿಟೆಲ್ಲೋಝಿಯ ಮನೆಯಲ್ಲಿ ಪೋಪರ ಗಾಯಕರು ಹಾಡಿ ತೋರಿಸಿದರು. ಪದಗಳು ತಿಳಿಯುತ್ತವೆಯೇ ಎಂಬುದೇ ಅಂದಿನ ಪರೀಕ್ಷೆ. 1567ರಲ್ಲಿ ಪಲೆಸ್ಟ್ರೀನಾನ 'ಪೋಪ್ ಮಾರ್ಸೆಲಸ್ ಬಲಿಪೂಜೆ' ಮುದ್ರಣವಾಯಿತು. ಆರು ಕಂಠಗಳ ಈ ಕೃತಿಯಲ್ಲಿ ದೀರ್ಘ ಪ್ರಾರ್ಥನೆಗಳು ಬರುವೆಡೆ ಕಂಠಗಳು ಒಟ್ಟಿಗೆ ಪದವನ್ನು ಉಚ್ಚರಿಸುತ್ತವೆ. ಅಕ್ಷರಕ್ಕೊಂದು ಸ್ವರ, ಅಷ್ಟೇ.

ಇಷ್ಟು ಸಂಗತಿಗಳ ಮೇಲೆ ಮುಂದಿನವರು ದಂತಕಥೆಯೊಂದನ್ನು ಕಟ್ಟಿದರು. ಬಹುಕಂಠ ಸಂಗೀತವನ್ನೇ ನಿಷೇಧಿಸಲು ಮಹಾಸಭೆ ಹೊರಟಿತ್ತು, ಈ ಕೃತಿ ಕೇಳಿ ಮನಸ್ಸು ಬದಲಿಸಿತು, ಪಲೆಸ್ಟ್ರೀನಾ ಸಂಗೀತವನ್ನು ಉಳಿಸಿದ ಎಂದು. 1607ರಲ್ಲಿ ಬರಹಕ್ಕಿಳಿದ ಈ ಕಥೆಗೆ 1828ರಲ್ಲಿ ಬೈನಿ ಬರೆದ ಜೀವನಚರಿತ್ರೆ ಮತ್ತಷ್ಟು ಬಣ್ಣ ಕೊಟ್ಟಿತು. 1917ರಲ್ಲಿ ಜರ್ಮನಿಯ ಫಿಟ್ಸ್ನರ್ ಅದನ್ನೇ ಆಪೆರಾ ಮಾಡಿದ. ಮಹಾಸಭೆ ಅಂಥ ನಿಷೇಧವನ್ನು ಅಂಗೀಕರಿಸಿರಲೇ ಇಲ್ಲ. ಕಾರ್ಡಿನಲ್ ಮನೆಯಲ್ಲಿ ಹಾಡಿದ್ದು ಯಾವ ಕೃತಿ ಎಂಬುದು ಅಂದಿನ ದಾಖಲೆಯಲ್ಲೂ ಇಲ್ಲ.

ದಂತಕಥೆಯ ಸಂತನಿಗಿಂತ ದಾಖಲೆಗಳಲ್ಲಿ ಕಾಣುವ ಗೃಹಸ್ಥನೇ ಹೆಚ್ಚು ಆಪ್ತನೆನಿಸುತ್ತಾನೆ. ವಜಾಗೊಂಡ ಮರುತಿಂಗಳೇ ಸೇಂಟ್ ಜಾನ್ ಲ್ಯಾಟರನ್ ಬೆಸಿಲಿಕಾದಲ್ಲಿ ಕೆಲಸ ಹಿಡಿದವನು, ಬಾಲಗಾಯಕರ ಊಟದ ಖರ್ಚಿನ ಜಗಳದಲ್ಲಿ 1560ರಲ್ಲಿ ಅದನ್ನು ಬಿಟ್ಟ. 1568ರಲ್ಲಿ ವಿಯೆನ್ನಾದಿಂದ ಚಕ್ರವರ್ತಿಯ ಕರೆ ಬಂದಾಗ ಕೇಳಿದ ಸಂಬಳ ದುಬಾರಿಯಾಯಿತು. ಹುದ್ದೆ ಬೇರೊಬ್ಬನ ಪಾಲಾಯಿತು. 1583ರಲ್ಲಿ ಮಾಂಟುವಾದ ಡ್ಯೂಕ್ ಜತೆಗಿನ ಮಾತುಕತೆಯೂ ಹಣದ ವಿಷಯದಲ್ಲೇ ಮುರಿಯಿತು. ಬಾಯಿಮಾತಿನ ಕೃಪೆಯ ಬೆಲೆ ಏನೆಂದು 1555ರಲ್ಲಿ ಕಂಡವನು ಸಂಬಳದ ವಿಷಯದಲ್ಲಿ ಹಠ ಹಿಡಿದರೆ ಅಚ್ಚರಿಯಿಲ್ಲ.

1571ರಲ್ಲಿ ಆತ ಜೂಲಿಯಾ ವೃಂದಕ್ಕೇ ಮರಳಿದ. ಹುದ್ದೆ ಭದ್ರವಾಯಿತು, ಮನೆ ಬರಿದಾಯಿತು. 1572ರಲ್ಲಿ ಹಿರಿಯ ಮಗ ರೊಡೊಲ್ಫೊ, 1573ರಲ್ಲಿ ತಮ್ಮ ಸಿಲ್ಲಾ, 1575ರಲ್ಲಿ ಇನ್ನೊಬ್ಬ ಮಗ ಆಂಜೆಲೊ ತೀರಿಕೊಂಡರು. 1580ರಲ್ಲಿ ಲುಕ್ರೆಜಿಯಾಳೂ ಹೋದಳು. ಯಾವ ಸಂಸಾರದ ಕಾರಣಕ್ಕೆ ಪೋಪರ ವೃಂದದಿಂದ ಹೊರಬಿದ್ದನೋ ಆ ಸಂಸಾರದಲ್ಲಿ ಉಳಿದದ್ದು ಇಜೀನಿಯೊ ಎಂಬ ಮಗನೊಬ್ಬನೇ.

ಪತ್ನಿಯ ಸಾವಿನ ಬಳಿಕ ಪಲೆಸ್ಟ್ರೀನಾ ಪಾದ್ರಿಯಾಗಲು ನಿರ್ಧರಿಸಿ ಆರಂಭಿಕ ದೀಕ್ಷೆಯನ್ನೂ ಪಡೆದ. ಆದರೆ 1581ರ ಮಾರ್ಚ್‌ನಲ್ಲಿ ರೋಮ್‌ನ ತುಪ್ಪಳದ ವ್ಯಾಪಾರಿಯೊಬ್ಬನ ಶ್ರೀಮಂತ ವಿಧವೆ ವರ್ಜೀನಿಯಾ ದೊರ್ಮೊಲಿಯನ್ನು ಮದುವೆಯಾದ! ತುಪ್ಪಳದ ಅಂಗಡಿಯನ್ನೂ ಚೆನ್ನಾಗಿ ನಡೆಸಿದ, ಮನೆಗಳ ಮೇಲೆ ಹಣ ಹೂಡಿದ. ಈ ಮದುವೆಯನ್ನು ಲೋಭವೆಂದು ಕರೆದವರಿದ್ದಾರೆ. ಆದರೆ ತನ್ನ ಕೃತಿಗಳ ಮುದ್ರಣಕ್ಕೆ ಹಣಕ್ಕಾಗಿ ಆತ ಯಾರ ಬಾಗಿಲನ್ನೂ ಕಾಯಬೇಕಾಗದ ಕಾಲ ಬಂದದ್ದು ಆಮೇಲೆಯೇ. ಕೊನೆಯ ಹದಿಮೂರು ವರ್ಷಗಳಲ್ಲಿ ಸಂಪುಟಗಳು ಒಂದರ ಹಿಂದೊಂದು ಬಂದವು. 1584ರಲ್ಲಿ ಬೈಬಲ್ಲಿನ ಪರಮಗೀತೆಯ ಸಂಗೀತವನ್ನು ಪೋಪ್‌ಗೆ ಅರ್ಪಿಸುತ್ತ, ಹಿಂದೆ ಪ್ರಣಯಗೀತೆಗಳಿಗೆ ರಾಗ ಹಾಕಿದ್ದಕ್ಕೆ ನಾಚುತ್ತೇನೆಂದು ಬರೆದ. ಎರಡೇ ವರ್ಷದಲ್ಲಿ ಪ್ರಣಯಗೀತೆಗಳ ಮತ್ತೊಂದು ಸಂಪುಟ ಹೊರತಂದ.

ಆತನ ಬಲಿಪೂಜೆ ಸಂಗೀತ ಕೃತಿಗಳೇ ನೂರಕ್ಕೂ ಹೆಚ್ಚು. 1725ರಲ್ಲಿ ಫುಕ್ಸ್ ಬರೆದ ಪಠ್ಯಪುಸ್ತಕ ಗುರುಶಿಷ್ಯ ಸಂವಾದದ ರೂಪದಲ್ಲಿದ್ದು, ಅದರ ಗುರು ಪಲೆಸ್ಟ್ರೀನಾನೇ. ಹೇಡನ್, ಬೀಥೋವನ್ ಕಲಿತದ್ದು ಅದರಿಂದ. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ, 1960ರ ದಶಕದಲ್ಲಿ, ಪೂಜೆ ಜನಭಾಷೆಗಳಿಗೆ ತಿರುಗಿತು. ಕರ್ನಾಟಕದ ಚರ್ಚ್‌ಗಳಲ್ಲೂ ಲ್ಯಾಟಿನ್ ಜಾಗಕ್ಕೆ ಕನ್ನಡ, ಕೊಂಕಣಿ ಬಂದವು. ಪದ ಅರ್ಥವಾಗಬೇಕೆಂಬ ಮಾರ್ಸೆಲಸ್‌ನ ಬೇಡಿಕೆ ಹೀಗೆ ಬೇರೊಂದು ದಾರಿಯಲ್ಲಿ ಈಡೇರಿತು. ಪಲೆಸ್ಟ್ರೀನಾನ ಕೃತಿಗಳು ಹೆಚ್ಚಾಗಿ ಸಂಗೀತ ಸಭಾಂಗಣಗಳಲ್ಲಿ ಕೇಳಿಸತೊಡಗಿದವು.

1594ರ ಫೆಬ್ರುವರಿ 2ರಂದು ಆತ ನಿಧನನಾದ. ಸಂಗೀತದ ದೊರೆಯೆಂದು ಕೆತ್ತಿದ ಸೀಸದ ಫಲಕದೊಂದಿಗೆ ಸೇಂಟ್ ಪೀಟರ್ಸ್‌ನಲ್ಲೇ ಸಮಾಧಿಯಾಯಿತು. ಬೆಸಿಲಿಕಾದ ಮುಂದಿನ ನಿರ್ಮಾಣ ಕಾರ್ಯದಲ್ಲಿ ಆ ಸಮಾಧಿಯ ಗುರುತು ಅಳಿಸಿಹೋಯಿತು.